ವರ್ಷಗಟ್ಟಲೆ ತಾಳ ತಪ್ಪಿದ ಎದೆಬಡಿತ: ಸರ್ಜರಿ, ಕ್ಯಾಥೆಟರ್ ಎರಡೂ ಮಾಡಿಸಿದವರು ಇದ್ದೀರಾ?

ಶಿರಸಿಯಿಂದ ಪ್ರಶ್ನೆ: ಅಪ್ಪಯ್ಯನಿಗೆ 63. ಏಟ್ರಿಯಲ್ ಫಿಬ್ರಿಲೇಶನ್ (ಹಾರ್ಟಿನ ಮೇಲ್ಕೋಣೆಗಳು ತಾಳ ತಪ್ಪಿ ಬಡಿಯುವುದು) ಶುರುವಾಗಿ ವರ್ಷದ ಮೇಲಾಯಿತು. ಮಾತ್ರೆ ಆಯಿತು, ಶಾಕ್ ಕೊಟ್ಟಿದ್ದೂ ಆಯಿತು. ಸ್ವಲ್ಪ ದಿನ ಸರಿಯಿದ್ದು ಮತ್ತೆ ಅದೇ. ಈಗ ಬೆಂಗಳೂರಿನ ಡಾಕ್ಟರು, ಸರ್ಜನ್ ಹೊರಗಿನಿಂದ, ನಾವು ಒಳಗಿನಿಂದ ಅಬ್ಲೇಶನ್ (ಬಡಿತ ಕೆಡಿಸುವ ಜಾಗ ಸುಡುವುದು) ಮಾಡುತ್ತೇವೆ ಅನ್ನುತ್ತಾರೆ. ಗೊತ್ತಿದ್ದವರು ಹೇಳಿ.

ಕುಮಟಾದಿಂದ: ನಮ್ಮ ಯಜಮಾನರಿಗೆ ಇದೇ ಮಾಡಿಸಿದ್ದು. ಹೆದರಬೇಡಿ, ಆದರೆ ಪೂರ್ತಿ ತಿಳಿದುಕೊಂಡೇ ಹೋಗಿ.

ಬಡಿತ ಕೆಡಿಸುವ ಕರೆಂಟು ಹೆಚ್ಚಾಗಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಹುಟ್ಟುತ್ತದೆ. ಕಾಯಿಲೆ ಹೊಸದಿದ್ದರೆ ಕ್ಯಾಥೆಟರಿನಿಂದ (ರಕ್ತನಾಳದ ಮೂಲಕ ಹಾರ್ಟಿನ ಒಳಗೆ ತೂರಿಸುವ ತೆಳು ಕೊಳವೆ) ಆ ಬಾಯಿಯ ಸುತ್ತ ಸುಟ್ಟರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಹಳೆಯದಾದರೆ ಹಾರ್ಟಿನ ಎಡ ಮೇಲ್ಕೋಣೆ ಹಿಗ್ಗಿ, ಅದರ ಹಿಂದಿನ ಗೋಡೆಯೂ ಕೆಟ್ಟಿರುತ್ತದೆ. ಆ ಗೋಡೆಗೆ ತಾಗಿಕೊಂಡೇ ಅನ್ನನಾಳ ಇರುವುದರಿಂದ ಒಳಗಿನಿಂದ ಜಾಸ್ತಿ ಸುಡಲು ಆಗುವುದಿಲ್ಲ. ಹಾಗಾಗಿ ಸರ್ಜನ್ ಎದೆಮೂಳೆಯ ತುದಿಯ ಕೆಳಗೆ ಸಣ್ಣದಾಗಿ ಕೊಯ್ದು, ಹಿಂದಿನ ಗೋಡೆಯನ್ನು ಹೊರಗಿನಿಂದ ಸುಡುತ್ತಾರೆ. ಎದೆ ಸೀಳುವುದಿಲ್ಲ, ಹಾರ್ಟ್ ನಿಲ್ಲಿಸುವುದಿಲ್ಲ. ಬಿಟ್ಟುಹೋದ ಜಾಗವನ್ನು ಕ್ಯಾಥೆಟರಿನಲ್ಲಿ ಮುಗಿಸುತ್ತಾರೆ, ಕೆಲವರು ಅದೇ ದಿನ, ಕೆಲವರು ವಾರಗಳ ಮೇಲೆ.

ಇದನ್ನೇ ಬರೀ ಕ್ಯಾಥೆಟರಿನ ಜೊತೆ ಹೋಲಿಸಿ ನೋಡಿದ, 2020ರಲ್ಲಿ ಬಂದ ಕನ್ವರ್ಜ್ ಅನ್ನುವ ಟ್ರಯಲ್‌ನಲ್ಲಿ 153 ಜನರಿದ್ದರು. ಒಂದು ವರ್ಷದ ಮೇಲೆ ಎರಡೂ ಮಾಡಿಸಿಕೊಂಡವರಲ್ಲಿ 100ಕ್ಕೆ 68 ಜನರಿಗೆ ಗುಣ ಕಂಡಿತ್ತು, ಬರೀ ಕ್ಯಾಥೆಟರ್ ಆದವರಲ್ಲಿ 50 ಜನರಿಗೆ. ಆದರೆ ದೊಡ್ಡ ತೊಂದರೆಗಳು ಆಗಿದ್ದೂ ಎರಡೂ ಮಾಡಿಸಿಕೊಂಡವರಲ್ಲೇ, 100ಕ್ಕೆ ಸುಮಾರು 8. ಹಾಗಾಗಿ ಆ ತಂಡ ಇಂಥ ಕೇಸು ಎಷ್ಟು ಮಾಡಿದೆ ಅಂತ ಕೇಳಲು ಸಂಕೋಚ ಬೇಡ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮನೆಗೆ ಬಂದ ಮೇಲಿನ ದಿನಗಳು. ನಾವಿರುವುದು ದೂರ ಅಲ್ವಾ? ನಮ್ಮ ಉತ್ತರ ಕನ್ನಡ ಜಿಲ್ಲೆಯವರೆಲ್ಲ 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿದ್ದು ಇದಕ್ಕೇ. ಏನಾದರೂ ಆದರೆ ಮೊದಲು ನೋಡುವವರು ಊರಿನ ಡಾಕ್ಟರು. ಸುಟ್ಟ ಜಾಗದಿಂದ ಅನ್ನನಾಳಕ್ಕೆ ತೂತಾಗುವುದು ತುಂಬಾ ಅಪರೂಪ, ಆದರೆ ಹಾಗಾಯಿತು ಅಂದರೆ ಜೀವಕ್ಕೇ ಅಪಾಯ. ಅದು ತಕ್ಷಣ ಗೊತ್ತಾಗುವುದಿಲ್ಲ, ವಾರಗಳ ಮೇಲೆ ಜ್ವರ, ನುಂಗುವಾಗ ನೋವು ಅಂತ ಬರುತ್ತದೆ. ಆಗ ಗ್ಯಾಸ್ ಇರಬೇಕು ಅಂದುಕೊಂಡು ಎಂಡೋಸ್ಕೋಪಿ ಮಾಡಿಸಬಾರದು. ಅದರಲ್ಲಿ ಊದುವ ಗಾಳಿ ಆ ತೂತಿನಿಂದ ಹಾರ್ಟಿಗೆ ಹೋಗಿ ಸ್ಟ್ರೋಕ್ ಆಗಬಹುದು. ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ಡಿಸ್ಚಾರ್ಜ್ ಪೇಪರಿನ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ‘ಎಂಡೋಸ್ಕೋಪಿ ಬೇಡ, ಸಿಟಿ ಮಾಡಿ, ನಮಗೆ ಫೋನ್ ಮಾಡಿ’ ಅಂತ ಬರೆಸಿಕೊಂಡೆ. ಅದರ ಜೆರಾಕ್ಸ್ ನಮ್ಮ ಡಾಕ್ಟರಿಗೂ ಕೊಟ್ಟೆ. ನೀವೂ ಬರೆಸಿಕೊಳ್ಳಿ.

ಹಾರ್ಟಿನ ಸುತ್ತಲಿನ ಚೀಲದಲ್ಲಿ ನಿಧಾನಕ್ಕೆ ನೀರು ತುಂಬುವುದೂ ಉಂಟು. ಏದುಸಿರು, ತಲೆಸುತ್ತು ಬಂದರೆ ಅವತ್ತೇ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿ. ಮೊದಲ ಎರಡು-ಮೂರು ತಿಂಗಳು ಬಡಿತ ಆಗಾಗ ತಪ್ಪಬಹುದು. ಅಷ್ಟಕ್ಕೇ ಆಪರೇಶನ್ ಫೇಲ್ ಅಂತ ತೀರ್ಮಾನಿಸಬೇಡಿ.

ಅಂಕೋಲಾದಿಂದ: ಅಪ್ಪಯ್ಯನ ವಾಲ್ವ್ ಹೇಗಿದೆ ಕೇಳಿದಿರಾ? ನಮ್ಮ ಆಯಿಗೆ ಚಿಕ್ಕಂದಿನ ಕೀಲುಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾಗಿತ್ತು. ಅಂಥವರಿಗೆ ದಾರಿಯೇ ಬೇರೆ. ವಾಲ್ವ್ ಆಪರೇಶನ್ ಜೊತೆಯಲ್ಲೇ ಮೇಜ್ (ಬಡಿತ ಸರಿಮಾಡುವ ಸರ್ಜರಿ) ಮಾಡಿದರು. ರಕ್ತ ತೆಳುವಾಗಲು ಹೊಸ ಮಾತ್ರೆ ಅಲ್ಲ, ಅಸಿಟ್ರೋಮ್ ಕೊಟ್ಟರು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ 2ರಿಂದ 3ರ ಒಳಗೆ ಇರಬೇಕು. ಸೊಪ್ಪು ತಿಂದರೆ ಈ ಮಾತ್ರೆಯ ಪರಿಣಾಮ ಕಮ್ಮಿಯಾಗಬಹುದು, ಆದರೂ ಬಸಳೆ, ಹರಿವೆ ಬಿಡಬೇಕಾಗಿಲ್ಲ, ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಅಂತ ಆಗಬಾರದು ಅಷ್ಟೇ.

ಕಾರವಾರದಿಂದ: ಅಪ್ಪಯ್ಯ ಜೋರಾಗಿ ಗೊರಕೆ ಹೊಡೆಯುತ್ತಾರಾ? ಹಾಗಿದ್ದರೆ ನಿದ್ದೆಯ ಪರೀಕ್ಷೆ ಮೊದಲು ಮಾಡಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವುದು, ಬಿಪಿ, ತೂಕ ಇವನ್ನು ಹಾಗೇ ಬಿಟ್ಟರೆ ಅಬ್ಲೇಶನ್ ಆದರೂ ಬಡಿತ ಮತ್ತೆ ಕೆಡಬಹುದು.

ಕುಮಟಾದಿಂದ ಮತ್ತೆ: ಒಂದು ಬಿಟ್ಟುಹೋಗಿತ್ತು. ಬಡಿತ ಸರಿಯಾಯಿತು ಅಂತ ರಕ್ತ ತೆಳು ಮಾಡುವ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿತ್ತಾ ಅಂತೆಲ್ಲ ನೋಡಿ ಡಾಕ್ಟರೇ ಹೇಳುತ್ತಾರೆ. ಎಕೋ ರಿಪೋರ್ಟಿನಲ್ಲಿ ಎಡ ಮೇಲ್ಕೋಣೆಯ ಅಳತೆ ಎಷ್ಟಿದೆ, ಇಲ್ಲಿ ಹಾಕಿ.