ಕ್ಯಾಟರ್‌ಹ್ಯಾಮ್ ಸೆವೆನ್: ಎಂಜಿನ್ ಕೂರಿಸುವ ಕ್ರಮ ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕ್ಯಾಟರ್‌ಹ್ಯಾಮ್ ಸೆವೆನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ಕಿಟ್ (ಬಿಡಿಭಾಗಗಳಾಗಿ ಬರುವ ಕಾರು) ಜೋಡಿಸುತ್ತಿದ್ದೇನೆ. ಫೋರ್ಡ್‌ನ 2.0 ಲೀಟರ್ ಡ್ಯುರಾಟೆಕ್ ಎಂಜಿನ್ ಸಿದ್ಧವಾಗಿದೆ. ಗೇರ್‌ಬಾಕ್ಸನ್ನು ಮೊದಲು ಚಾಸಿಯೊಳಗಿಟ್ಟು ಅನಂತರ ಎಂಜಿನ್ ಇಳಿಸಬಹುದೇ, ಅಥವಾ ಎರಡನ್ನೂ ಹೊರಗೇ ಕೂಡಿಸಿಕೊಳ್ಳಬೇಕೇ?

ಉತ್ತರ 1: ದಯವಿಟ್ಟು ಹೊರಗೇ ಕೂಡಿಸಿ. ಆ ಇಕ್ಕಟ್ಟಿನಲ್ಲಿ ಬೆಲ್‌ಹೌಸಿಂಗಿನ (ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಗಂಟೆಯಾಕಾರದ ಕವಚ) ಮೇಲಿನ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕುವುದು ಬಹಳ ಕಷ್ಟ. ಕೂಡಿಸುವಾಗ ಗೇರ್‌ಬಾಕ್ಸಿನ ಭಾರ ಅದರ ಇನ್‌ಪುಟ್ ಶಾಫ್ಟಿನ (ಎಂಜಿನ್ನಿನ ಶಕ್ತಿಯನ್ನು ಒಳಗೆ ತರುವ ದಂಡ) ಮೇಲೆ ಬೀಳಬಾರದು. ಬೆಲ್‌ಹೌಸಿಂಗ್ ಕೈಯೊತ್ತಿಗೇ ಸರಿದು ಕೂರದಿದ್ದರೆ, ಬೋಲ್ಟ್ ಬಿಗಿದು ಅದನ್ನು ಎಳೆದುಕೊಳ್ಳುವ ಬದಲು, ಕ್ಲಚ್ ಪ್ಲೇಟ್ ಸರಿಯಾಗಿ ನಡುವೆ ಇದೆಯೇ ಎಂದು ಮತ್ತೊಮ್ಮೆ ನೋಡಿ.

ಉತ್ತರ 2: ಅವರ ಮಾತನ್ನು ಅನುಮೋದಿಸುತ್ತೇನೆ. ಕ್ರೇನಿಗೆ ಲೆವೆಲರ್ (ತೂಗುವ ಎಂಜಿನ್ನನ್ನು ಬೇಕಾದಂತೆ ಓರೆಮಾಡುವ ಸಾಧನ) ಹಾಕಿ, ಗೇರ್‌ಬಾಕ್ಸಿನ ಬಾಲ ಕೆಳಗಾಗುವಂತೆ ಓರೆಮಾಡಿ, ಅದು ಕಾರಿನ ನಡುವಿನ ಸುರಂಗದೊಳಗೆ ಸರಿದಂತೆಲ್ಲ ಸ್ವಲ್ಪಸ್ವಲ್ಪವಾಗಿ ಮಟ್ಟಕ್ಕೆ ತನ್ನಿ. ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟನ್ನು (ಗೇರ್‌ಬಾಕ್ಸಿನಿಂದ ಹಿಂಬದಿಗೆ ಶಕ್ತಿ ಒಯ್ಯುವ ದಂಡ) ಹಿಡಿದು ಹೊಂದಿಸಬೇಕು. ಗೇರ್ ಆಯಿಲ್ ತುಂಬಿದ್ದರೆ ಬಾಲದ ಬಾಯಿಯನ್ನು ಮುಚ್ಚಿರಿ, ಇಲ್ಲವಾದರೆ ಎಲ್ಲವೂ ಚೆಲ್ಲುತ್ತದೆ. ಚಾಸಿಯ ಕೊಳವೆಗಳಿಗೆ ದಪ್ಪ ರಟ್ಟು ಸುತ್ತಿರಿ. ಎಲ್ಲ ಮೌಂಟ್‌ಗಳೂ (ಎಂಜಿನ್, ಗೇರ್‌ಬಾಕ್ಸನ್ನು ಹೊರುವ ಆಧಾರಗಳು) ತಮ್ಮ ಜಾಗದಲ್ಲಿ ಕೂತ ಮೇಲೆಯೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಆಯಿಲ್ ಈಗಾಗಲೇ ತುಂಬಿದ್ದೆ, ಇಂದೇ ಮುಚ್ಚುತ್ತೇನೆ.