ಅಪ್‌ಡೇಟ್: ಸಣ್ಣ ಘಟಕಕ್ಕೆ ಸರ್ಕಾರಿ ಟೆಂಡರ್, ಅಂತೂ ಆರ್ಡರ್ ಸಿಕ್ಕಿತು

ಸ್ಟೀಲ್ ಕಪಾಟು ಮಾಡುವ ನಮ್ಮ ಸಣ್ಣ ಘಟಕಕ್ಕೆ ಇಎಂಡಿ (ಬಿಡ್ ಜೊತೆ ಇಡಬೇಕಾದ ಮುಂಗಡ ಠೇವಣಿ) ಕಟ್ಟಲು ಕಷ್ಟ, ದೊಡ್ಡವರ ರೇಟಿಗೆ ಇಳಿಯಲೂ ಆಗದು, ಕೇಂದ್ರದ ಟೆಂಡರ್ ಹಿಡಿಯುವುದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ.

ಬಂದ ಸಲಹೆಗಳಲ್ಲಿ ಕೈಹಿಡಿದದ್ದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರದ ಆನ್‌ಲೈನ್ ನೋಂದಣಿ) ಮಾಡಿಸಿ ಎಂಬುದು. ಅದು ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. ಜೆಮ್ (ಸರ್ಕಾರಿ ಖರೀದಿಯ ಆನ್‌ಲೈನ್ ಪೋರ್ಟಲ್) ಪ್ರೊಫೈಲಿಗೆ ಅದನ್ನು ಜೋಡಿಸಿದ ಮೇಲೆ ಇಎಂಡಿ ವಿನಾಯಿತಿ ಸಿಕ್ಕಿತು.

ನನಗೆ ಗೊತ್ತೇ ಇರದಿದ್ದ ವಿಷಯ ಇನ್ನೊಂದಿದೆ. ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರದ 2012ರ ಖರೀದಿ ನೀತಿಯಲ್ಲಿ, ಎಲ್1 (ಎಲ್ಲರಿಗಿಂತ ಕಡಿಮೆ ರೇಟು ಹಾಕಿದವರು) ಬಂದವರು ಸಣ್ಣ ಉದ್ಯಮ ಅಲ್ಲದಿದ್ದರೆ, ಅವರಿಗಿಂತ ಶೇ. 15ರೊಳಗೆ ಜಾಸ್ತಿ ಕೋಟ್ ಮಾಡಿದ ಸಣ್ಣ ಉದ್ಯಮಕ್ಕೆ ಅದೇ ರೇಟಿಗೆ ಇಳಿಯುವ ಅವಕಾಶ ಕೊಡುತ್ತಾರೆ. ಅಂದರೆ ಅವರದು 100 ಇದ್ದು ನಮ್ಮದು 112 ಆದರೂ ಆಟ ಮುಗಿಯಲಿಲ್ಲ. ಒಪ್ಪಿದರೆ ಆರ್ಡರಿನಲ್ಲಿ ಕನಿಷ್ಠ ಶೇ. 25ರಷ್ಟು ಪಾಲು ಸಿಗಬಹುದು. ನಮಗೆ ಸಿಕ್ಕಿದ್ದು ಹೀಗೆಯೇ. ಆದರೆ ಲೆಕ್ಕ ಹಾಕಿ ಒಪ್ಪಿ, ಲಾಭ ತೆಳ್ಳಗಾಗುತ್ತದೆ.

'ಹಳೆಯ ಅನುಭವ, ವಹಿವಾಟು ಕೇಳುವುದೇ ಇಲ್ಲ' ಎಂದಿದ್ದ ಸಲಹೆ ಮಾತ್ರ ನಡೆಯಲಿಲ್ಲ. ಆ ಸಡಿಲಿಕೆ ಎಲ್ಲ ಟೆಂಡರಿನಲ್ಲೂ ಇರುವುದಿಲ್ಲ. ಷರತ್ತು ಓದಿಯೇ ಬಿಡ್ ಹಾಕಿ.

ಇನ್ನು, ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ಇದ್ದರೂ ಈ ನೀತಿಯ ಲಾಭ ಇಲ್ಲ, ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ಈ ನೀತಿ ಕೇಂದ್ರದ ಇಲಾಖೆ, ಕೇಂದ್ರ ಸರ್ಕಾರಿ ಉದ್ದಿಮೆಗಳ ಖರೀದಿಗೆ ಅನ್ವಯ. ರಾಜ್ಯದ ಟೆಂಡರ್‌ಗೆ ನಿಯಮ ಬೇರೆ. ಮತ್ತೆ, ಇಎಂಡಿ ತಪ್ಪಿತು ಎಂದರೆ ಕಾರ್ಯಖಾತರಿ ಠೇವಣಿಯೂ (ಆರ್ಡರ್ ಸರಿಯಾಗಿ ಪೂರೈಸುತ್ತೇವೆ ಎಂಬುದಕ್ಕೆ ಇಡುವ ಭದ್ರತೆ) ತಪ್ಪಿತು ಅಂತಲ್ಲ. ಆರ್ಡರ್ ಬಂದ ಮೇಲೆ ಅದನ್ನು ಕೇಳಿದರು, ಬ್ಯಾಂಕ್ ಗ್ಯಾರಂಟಿಗೆ ಮೊದಲೇ ಓಡಾಡಿಟ್ಟುಕೊಳ್ಳಿ.