ಗುಡ್ಡಗಾಡು ಸೈಕ್ಲಿಂಗ್ ಕೌಶಲ ಕಲಿಯಲು ಯಾವ ಪೆಡಲ್: ಫ್ಲ್ಯಾಟ್ ಅಥವಾ ಕ್ಲಿಪ್‌ಲೆಸ್?

ಹಾಸುಬಂಡೆ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ರೋಡ್ ಬೈಕ್ ತುಳಿಯುತ್ತಿರುವವನು. ನಂದಿ ಬೆಟ್ಟದ ಏರು, ಕನಕಪುರ ರಸ್ತೆಯ ದೂರದ ಸವಾರಿ ಎಲ್ಲವೂ ಕ್ಲಿಪ್‌ಲೆಸ್ ಪೆಡಲಿನಲ್ಲೇ, ಅಂದರೆ ಶೂವಿನ ಅಡಿಯ ಕ್ಲೀಟ್ ಎಂಬ ಕೊಕ್ಕೆಯನ್ನು ಕಚ್ಚಿಕೊಂಡು ಪಾದವನ್ನು ಹಿಡಿದಿಡುವ ಪೆಡಲಿನಲ್ಲೇ, ಆಗಿವೆ. ಈ ವರ್ಷ ಮುಂಭಾಗದಲ್ಲಿ 120 ಮಿ.ಮೀ. ಸಸ್ಪೆನ್ಷನ್ ಇರುವ ಒಂದು ಹಾರ್ಡ್‌ಟೇಲ್ (ಹಿಂಭಾಗದಲ್ಲಿ ಸಸ್ಪೆನ್ಷನ್ ಇಲ್ಲದ ಗುಡ್ಡಗಾಡು ಸೈಕಲ್) ಕೊಂಡು, ಅದಕ್ಕೂ ಅಭ್ಯಾಸಬಲದಿಂದ ಶಿಮಾನೊದ ಕ್ಲಿಪ್‌ಲೆಸ್ ಮಾದರಿಯಾದ ಎಸ್‌ಪಿಡಿ ಪೆಡಲನ್ನೇ ಹಾಕಿಸಿದ್ದೇನೆ. ಏರಿನಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಇಳಿಜಾರಿನಲ್ಲಿ ಬಂಡೆಯ ಮೆಟ್ಟಿಲು ಎದುರಾದಾಗ, ಅಥವಾ ಸಡಿಲ ಜಲ್ಲಿಯ ತಿರುವಿನಲ್ಲಿ ಹಿಂದಿನ ಚಕ್ರ ಜಾರತೊಡಗಿದಾಗ, ಕಾಲು ಸಮಯಕ್ಕೆ ಬಿಡಿಸಿಕೊಳ್ಳದಿದ್ದರೆ ಏನು ಗತಿ ಎಂಬ ಯೋಚನೆಯೇ ಮೊದಲು ಬರುತ್ತದೆ. ಮೈ ಬಿಗಿಯಾಗುತ್ತದೆ, ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ.

ಜೊತೆಗೆ ಬರುವ ಗೆಳೆಯರೊಬ್ಬರು, ಕ್ಲಿಪ್‌ಗಳನ್ನು ಕಳಚಿಟ್ಟು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಪಾದವನ್ನು ಸುಮ್ಮನೆ ಮೇಲಿಡುವ ಫ್ಲ್ಯಾಟ್ ಪೆಡಲಿನಲ್ಲಿ ಓಡಿಸು, ಇಲ್ಲದಿದ್ದರೆ ಬನ್ನಿ ಹಾಪ್ (ಸೈಕಲನ್ನು ನೆಲದಿಂದ ಮೇಲಕ್ಕೆ ಜಿಗಿಸುವುದು) ನಿನಗೆ ಎಂದೂ ಬರುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು, ಒರಟು ಇಳಿಜಾರಿನಲ್ಲಿ ಫ್ಲ್ಯಾಟ್ ಪೆಡಲಿನಿಂದ ಕಾಲು ಹಾರಿಹೋಗುವುದೇ ಹೆಚ್ಚು ಅಪಾಯ ಎನ್ನುತ್ತಾರೆ. ಇಬ್ಬರೂ ನನಗಿಂತ ಚೆನ್ನಾಗಿ ಓಡಿಸುವವರಾದ್ದರಿಂದ ಯಾರ ಮಾತನ್ನೂ ತಳ್ಳಿಹಾಕುವ ಧೈರ್ಯ ನನಗಿಲ್ಲ. ನನಗೆ ಸ್ಪರ್ಧೆಯ ಆಸೆಯಿಲ್ಲ. ತಿರುವು, ಸಣ್ಣ ಡ್ರಾಪ್ (ಮೆಟ್ಟಿಲಿನಂಥ ಅಂಚಿನಿಂದ ಕೆಳಕ್ಕಿಳಿಯುವುದು) ಮತ್ತು ಬನ್ನಿ ಹಾಪ್‌ಗಳನ್ನು ಸರಿಯಾದ ಕ್ರಮದಲ್ಲಿ ಕಲಿಯಬೇಕೆಂಬುದಷ್ಟೇ ಉದ್ದೇಶ. ಅದಕ್ಕಾಗಿ ಪೆಡಲ್ ಬದಲಿಸುವುದು ನಿಜಕ್ಕೂ ಅಗತ್ಯವೇ? ಬದಲಿಸಿದರೆ ಏರಿನಲ್ಲಿ ಎಷ್ಟು ಕಳೆದುಕೊಳ್ಳುತ್ತೇನೆ?

ಜಂಬಿಟ್ಟಿಗೆ, ಶಿರಸಿ:

ಉದ್ದೇಶ ಕಲಿಕೆಯಾದರೆ ಫ್ಲ್ಯಾಟ್ ಹಾಕಿಸಿ ಎಂಬುದೇ ನನ್ನ ನೇರ ಉತ್ತರ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಅಂದರೆ ಬೇಕೆಂದಾಗ ಕಾಲನ್ನು ನೆಲಕ್ಕೆ ಊರಬಹುದು ಎಂಬುದು, ನನ್ನ ದೃಷ್ಟಿಯಲ್ಲಿ ಎರಡನೆಯ ಕಾರಣ ಮಾತ್ರ. ಮೊದಲನೆಯದು ಇದು: ನಿಮ್ಮ ದೇಹದ ಭಾರ ಇರಬೇಕಾದ ಕಡೆ ಇಲ್ಲದಿದ್ದರೆ ಫ್ಲ್ಯಾಟ್ ಪೆಡಲ್ ಅದನ್ನು ಆ ಕ್ಷಣದಲ್ಲೇ ತಿಳಿಸುತ್ತದೆ, ಕ್ಲಿಪ್‌ಲೆಸ್ ಅದನ್ನು ಮುಚ್ಚಿಡುತ್ತದೆ.

ನಿಮ್ಮ ಎರಡನೆಯ ಗೆಳೆಯರು ಹೇಳಿದ ಕಾಲು ಹಾರುವ ಸಮಸ್ಯೆಯನ್ನೇ ತೆಗೆದುಕೊಳ್ಳೋಣ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸೈಕಲಿನ ವೇಗ ಒಮ್ಮೆಲೇ ಕುಗ್ಗುತ್ತದೆ, ಸವಾರನ ಮೈ ಮಾತ್ರ ಹಿಂದಿನ ವೇಗದಲ್ಲೇ ಮುಂದಕ್ಕೆ ಹೋಗಲು ನೋಡುತ್ತದೆ. ಆಗ ಹಿಮ್ಮಡಿ ಪೆಡಲಿನ ಮಟ್ಟಕ್ಕಿಂತ ಕೆಳಗಿದ್ದರೆ ಪೆಡಲಿನ ಮುಖವೂ ಹಿಂದಕ್ಕೆ ವಾಲಿರುತ್ತದೆ; ಮುಂದಕ್ಕೆ ನುಗ್ಗುವ ಭಾರವೆಲ್ಲ ಅಂಗಾಲಿನ ಮೂಲಕ ಆ ಮುಖದ ಮೇಲೆ ಒತ್ತಿ, ಪಾದ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅದರ ಬದಲು ಕಾಲ್ಬೆರಳು ಕೆಳಮುಖವಾಗಿದ್ದು ಮೊಣಕಾಲು ಸೆಟೆದುಕೊಂಡಿದ್ದರೆ, ಅದೇ ಹೊಡೆತ ಪಾದವನ್ನು ಪೆಡಲಿನಿಂದ ಮುಂದಕ್ಕೆ ಜಾರಿಸುತ್ತದೆ, ಹಿಂದಿನ ಚಕ್ರದ ಒದೆತ ಅದನ್ನು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಕಾಲು ಹಾರುವುದಕ್ಕೆ ಬಹುಪಾಲು ಕಾರಣ ಸವಾರನ ನಿಲುವೇ ಹೊರತು ಪೆಡಲಲ್ಲ. ಕ್ಲಿಪ್‌ಲೆಸ್‌ನಲ್ಲಿ ಇದೇ ಕೆಟ್ಟ ನಿಲುವಿನಿಂದ ವರ್ಷಗಟ್ಟಲೆ ಓಡಿಸಬಹುದು, ಏಕೆಂದರೆ ಕ್ಲೀಟ್ ಪಾದವನ್ನು ಹಿಡಿದಿಟ್ಟಿರುತ್ತದೆ. ಆದರೆ ಮೊಣಕಾಲು ಮತ್ತು ಕಣಕಾಲು ನುಂಗಬೇಕಾದ ಹೊಡೆತ ಆಗ ಕೈಗಳಿಗೆ ಹೋಗುತ್ತದೆ. ಇಳಿಜಾರು ಮುಗಿಯುವಷ್ಟರಲ್ಲಿ ಮುಂಗೈ ಸೋತುಹೋಗುತ್ತದೆ ಎನ್ನುವವರ ಪಾದಗಳನ್ನು ಒಮ್ಮೆ ಗಮನಿಸಿ ನೋಡಿ.

ಬನ್ನಿ ಹಾಪ್‌ನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಕ್ಲಿಪ್‌ಲೆಸ್ ಹಾಕಿದವರು ಎರಡೂ ಕಾಲನ್ನು ಮೇಲಕ್ಕೆ ಎಳೆದುಕೊಂಡರೆ ಸೈಕಲ್ ಹೇಗೋ ನೆಲ ಬಿಡುತ್ತದೆ, ಸವಾರ ತನಗೆ ಹಾಪ್ ಬಂತೆಂದು ತಿಳಿಯುತ್ತಾನೆ. ಆದರೆ ಆ ಎಳೆತದಿಂದ ಗಿಟ್ಟುವ ಎತ್ತರ ಅಷ್ಟಕ್ಕಷ್ಟೇ, ಜೊತೆಗೆ ಎಳೆಯುವಾಗ ಹಿಮ್ಮಡಿ ಕೊಂಚ ಪಕ್ಕಕ್ಕೆ ತಿರುಗಿದರೂ ಗಾಳಿಯಲ್ಲೇ ಕ್ಲೀಟ್ ಬಿಚ್ಚಿಕೊಳ್ಳುವ ಅಪಾಯವಿದೆ. ನಿಜವಾದ ಹಾಪ್ ಕೆಳಗಿನಿಂದ ಹುಟ್ಟುತ್ತದೆ. ಮೊದಲು ಮೈ ಕುಗ್ಗಿಸಿ, ಸೊಂಟವನ್ನು ಹಿಂದಕ್ಕೆ ಒಯ್ದು, ತೋಳುಗಳನ್ನು ನೇರವಾಗಿಟ್ಟು ಮುಂದಿನ ಚಕ್ರವನ್ನು ಎತ್ತಬೇಕು. ಅಲ್ಲಿಂದ ಕಾಲುಗಳ ಬಲದಿಂದ ನೆಟ್ಟಗೆ ಜಿಗಿದು, ಹ್ಯಾಂಡಲನ್ನು ಮುಂದಕ್ಕೆ ತಳ್ಳುತ್ತಾ, ಕಾಲ್ಬೆರಳನ್ನು ಕೆಳಗೆ ಮಾಡಿ ಅಂಗಾಲಿನಿಂದ ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಒತ್ತಬೇಕು. ಕೆಟ್ಟು ನಿಂತ ಕಾರನ್ನು ತಳ್ಳುವಾಗ ಪಾದ ನೆಲವನ್ನು ಹಿಂದಕ್ಕೆ ಹೇಗೆ ಒತ್ತುತ್ತದೆಯೋ ಆ ಒತ್ತಡವೇ ಇಲ್ಲಿಯೂ ಬೇಕು. ಫ್ಲ್ಯಾಟ್ ಪೆಡಲಿನಲ್ಲಿ ಈ ಕ್ರಮ ತಪ್ಪಿದರೆ ಹಿಂದಿನ ಚಕ್ರ ನೆಲದಲ್ಲೇ ಉಳಿಯುತ್ತದೆ, ಪಾದ ಮಾತ್ರ ಮೇಲೆ ಬರುತ್ತದೆ. ಅದಕ್ಕಿಂತ ನಿಷ್ಠುರವಾದ ಗುರು ಬೇಕಿಲ್ಲ.

ಏರಿನ ವಿಷಯ. ಪೆಡಲನ್ನು ಮೇಲಕ್ಕೆ ಎಳೆದು ತುಳಿಯುವುದರಿಂದ ಶ್ರಮ ಉಳಿಯುತ್ತದೆ ಎಂಬ ನಂಬಿಕೆ ರಸ್ತೆ ಸವಾರರಲ್ಲಿ ಗಟ್ಟಿಯಾಗಿದೆ. ಆದರೆ 2007ರಲ್ಲಿ ಪ್ರಕಟವಾದ, ಪೆಡಲ್ ತುಳಿಯುವ ಬೇರೆ ಬೇರೆ ವಿಧಾನಗಳನ್ನು ಹೋಲಿಸಿದ ಪ್ರಯೋಗವೊಂದರಲ್ಲಿ, ಬೇಕೆಂದೇ ಮೇಲಕ್ಕೆ ಎಳೆದು ತುಳಿದಾಗ ದೇಹದ ದಕ್ಷತೆ ಕಡಿಮೆಯೇ ಆಯಿತು. ಸಮ ಗತಿಯ ಏರಿನಲ್ಲಿ ನೀವು ಕಳೆದುಕೊಳ್ಳುವುದು ನೀವು ಹೆದರಿದಷ್ಟು ಇಲ್ಲ.

ಮಂಜಿನೂರು, ಎಡಿನ್‌ಬರೊ:

ಶಿರಸಿಯವರ ಮಾತನ್ನು ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ: ಶೂ ಬದಲಿಸದೆ ಪೆಡಲ್ ಮಾತ್ರ ಬದಲಿಸಿದವರೇ ಫ್ಲ್ಯಾಟ್ ಕೆಲಸಕ್ಕೆ ಬಾರದು ಎಂದು ಹೇಳುತ್ತಾ ತಿರುಗುವವರು. ಓಟದ ಶೂಗಳ ಅಡಿ ದಪ್ಪ ಫೋಮಿನದು; ಅದು ಪೆಡಲಿನ ಮೇಲೆ ಬಾಗುತ್ತದೆ, ಅದರ ಉಬ್ಬುತಗ್ಗಿನ ವಿನ್ಯಾಸದ ನಡುವೆ, ಹಿಡಿತಕ್ಕಾಗಿ ಪೆಡಲಿನ ಮುಖದ ಮೇಲಿರುವ ಪಿನ್‌ಗಳಿಗೆ ಕಚ್ಚಲು ಸರಿಯಾದ ಜಾಗವೇ ಸಿಗುವುದಿಲ್ಲ. ಬೇಕಾದದ್ದು ಚಪ್ಪಟೆಯಾದ, ಸುಲಭವಾಗಿ ಬಾಗದ, ಮೆತ್ತನೆಯ ಅಂಟುವ ರಬ್ಬರಿನ ಅಡಿ. ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಫೈವ್ ಟೆನ್ ಕಂಪನಿ ಮೂಲದಲ್ಲಿ ಬಂಡೆ ಹತ್ತುವವರಿಗೆ ಶೂ ಮಾಡುತ್ತಿದ್ದದ್ದು. ಬಂಡೆಯನ್ನು ಹಿಡಿಯಲೆಂದು ರೂಪಿಸಿದ ರಬ್ಬರ್ ಪಿನ್‌ಗಳನ್ನೂ ಅಷ್ಟೇ ಚೆನ್ನಾಗಿ ಹಿಡಿಯಿತು. 2011ರಲ್ಲಿ ಅದನ್ನು ಅಡಿಡಾಸ್ ಕೊಂಡುಕೊಂಡಿತು. ಬೆಲೆ ಹೆಚ್ಚೆನಿಸಿದರೆ ಚಪ್ಪಟೆ ಅಡಿಯ ಸ್ಕೇಟ್‌ಬೋರ್ಡ್ ಶೂ ಸಾಕು. ಊರಿಗೆ ಬಂದಾಗ ನಾನು ಗಮ್ ರಬ್ಬರಿನ ಬ್ಯಾಡ್ಮಿಂಟನ್ ಶೂ ಹಾಕಿಕೊಂಡೇ ಓಡಿಸುತ್ತೇನೆ. ಹಿಡಿತ ಪರವಾಗಿಲ್ಲ, ಆದರೆ ಪಿನ್‌ಗಳು ಅದರ ಅಡಿಯನ್ನು ಬೇಗ ಕಿತ್ತುಹಾಕುತ್ತವೆ.

ಫ್ಲ್ಯಾಟ್ ಕೇವಲ ಕಲಿಯುವವರಿಗೆ ಎಂಬ ತಾತ್ಸಾರಕ್ಕೂ ಆಧಾರವಿಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2006, 2007 ಮತ್ತು 2010ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದದ್ದೂ, 2017ರಿಂದ 2019ರವರೆಗೆ ಸತತವಾಗಿ ಎಂಡ್ಯೂರೊ (ಇಳಿಜಾರಿನ ಹಂತಗಳ ಸಮಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಸ್ಪರ್ಧೆ) ವಿಶ್ವ ಸರಣಿಯನ್ನು ಗೆದ್ದದ್ದೂ ಫ್ಲ್ಯಾಟ್ ಪೆಡಲಿನಲ್ಲೇ. ಆ 2007ರ ಪ್ರಶಸ್ತಿ ಬಂದದ್ದು ಇಲ್ಲಿನ ಫೋರ್ಟ್ ವಿಲಿಯಂನಲ್ಲಿ. ಅಲ್ಲಿನ ಕಲ್ಲುದಾರಿಯನ್ನು ಕಣ್ಣಾರೆ ಕಂಡವರು ಕಾಲು ಹಾರುತ್ತದೆ ಎಂಬ ದೂರನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. ಹಾಗೆಂದು ವಿಶ್ವಮಟ್ಟದ ಡೌನ್‌ಹಿಲ್ ಸವಾರರಲ್ಲಿ ಹೆಚ್ಚಿನವರು ಇಂದು ಕ್ಲಿಪ್ ಹಾಕಿಕೊಂಡೇ ಇಳಿಯುತ್ತಾರೆ ಎಂಬುದನ್ನೂ ಮರೆಮಾಚಬಾರದು. ನಮ್ಮ ಹತ್ತಿರದ ಗ್ಲೆಂಟ್ರೆಸ್ ಕಾಡಿನಲ್ಲಿ ವಾರಾಂತ್ಯಕ್ಕೆ ಎರಡೂ ಬಗೆಯವರು ಕಾಣುತ್ತಾರೆ, ಯಾರೂ ಯಾರ ಪಾದವನ್ನೂ ಇಣುಕಿ ನೋಡುವುದಿಲ್ಲ.

ಕಾಫಿಕಾಡು, ಮಡಿಕೇರಿ:

ನಾನು ಬೇರೆ ದಿಕ್ಕಿನಿಂದ ನೋಡುತ್ತೇನೆ. ಪ್ರಶ್ನೆ ಕೇಳಿದವರು ಹೊಸಬರಲ್ಲ, ವರ್ಷಗಳಿಂದ ಕ್ಲಿಪ್‌ಲೆಸ್ ಬಳಸಿದವರು. ಅವರನ್ನು ಕಾಡುತ್ತಿರುವುದು ಕಾಲು ಬಿಡಿಸಿಕೊಳ್ಳುವ ಅಳುಕು; ಅದಕ್ಕೆ ಪೆಡಲನ್ನೇ ಕಿತ್ತೆಸೆಯುವ ಮೊದಲು ಮಾಡಬಹುದಾದ ಸುಲಭದ ಕೆಲಸಗಳಿವೆ. ಎಸ್‌ಪಿಡಿ ಪೆಡಲಿನ ಸ್ಪ್ರಿಂಗ್ ಬಿಗಿಯನ್ನು ಸಣ್ಣ ಅಲೆನ್ ಕೀಯಿಂದ ಸಡಿಲಿಸಬಹುದು, ಎರಡೂ ಪೆಡಲಿನ ಎರಡೂ ಬದಿಗಳಲ್ಲಿ ಅದಕ್ಕೆ ಸ್ಕ್ರೂ ಇದೆ. ಶಿಮಾನೊದ ಎಸ್‌ಎಚ್51 ಕ್ಲೀಟ್ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಬಿಡುತ್ತದೆ. ಅದರ ಬದಲು ಎಸ್‌ಎಚ್56 ಹಾಕಿದರೆ ಗಾಬರಿಯಲ್ಲಿ ಓರೆಯಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ. ಕ್ಲೀಟನ್ನು ಶೂವಿನ ಸೀಳಿನಲ್ಲಿ ಆದಷ್ಟು ಹಿಂದಕ್ಕೆ ಸರಿಸಿ ಬಿಗಿದರೆ ಹಿಮ್ಮಡಿ ಇಳಿಸುವುದೂ ಸುಲಭವಾಗುತ್ತದೆ, ಮೀನಖಂಡಕ್ಕೂ ದಣಿವು ಕಡಿಮೆ.

ಏರಿನ ಲೆಕ್ಕವನ್ನು ದಕ್ಷತೆಯಲ್ಲಿ ಮಾತ್ರ ಅಳೆಯುವುದು ಸರಿಯಲ್ಲ. ನಮ್ಮ ತೋಟದ ದಾರಿಗಳಲ್ಲಿ ಬೇರು, ಕಲ್ಲು, ಹಳ್ಳ ಒಂದರ ಹಿಂದೆ ಒಂದು ಬರುತ್ತವೆ. ಹಾರ್ಡ್‌ಟೇಲಿನ ಸೀಟಿನಲ್ಲಿ ಕುಳಿತು ಅವುಗಳನ್ನು ಏರುವಾಗ ಪ್ರತಿ ಕುಲುಕಿಗೂ ಪಾದ ಪಿನ್‌ಗಳ ಮೇಲೆ ಕೊಂಚ ಸರಿಯುತ್ತದೆ, ಅಂಟುವ ಶೂವಾದರೆ ಅದನ್ನು ಪೂರ್ತಿ ಎತ್ತದೆ ಸರಿಪಡಿಸಿಕೊಳ್ಳಲೂ ಆಗದು. ಕ್ಲಿಪ್‌ಲೆಸ್‌ನಲ್ಲಿ ಆ ಚಿಂತೆಯೇ ಇಲ್ಲ. ಪೂರ್ಣ ಬಲದ ಸಣ್ಣ ಸ್ಪ್ರಿಂಟ್‌ನಲ್ಲೂ ಅದರ ಲಾಭ ಕಾಲಿಗೇ ತಿಳಿಯುತ್ತದೆ. ಕ್ರಾಸ್ ಕಂಟ್ರಿ ಸ್ಪರ್ಧೆಯ ಮುಂಚೂಣಿಯಲ್ಲಿ ಫ್ಲ್ಯಾಟ್ ಪೆಡಲ್ ಕಾಣುವುದಿಲ್ಲ. ನೀನೊ ಶುರ್ಟರ್, ಟಾಮ್ ಪಿಡ್ಕಾಕ್ ಅಂಥವರು ಕ್ಲಿಪ್ ಹಾಕಿಕೊಂಡೇ ಬಂಡೆಗಳ ಮೇಲಿಂದ ಹಾರಿದವರು, ಅವರಿಗೆ ಕೌಶಲ ಕಡಿಮೆ ಎಂದು ಯಾರೂ ಹೇಳಲಾರರು. ಹಿಮ್ಮಡಿ ಇಳಿಸುವುದನ್ನು ಗಮನವಿಟ್ಟು ಅಭ್ಯಾಸ ಮಾಡಿದರೆ ಯಾವ ಪೆಡಲಿನಲ್ಲಾದರೂ ಬರುತ್ತದೆ ಎಂಬುದು ನನ್ನ ನಿಲುವು.

ಫ್ಲ್ಯಾಟ್ ಪರವಾಗಿ ನಾನು ಎರಡು ಮಾತನ್ನು ಒಪ್ಪುತ್ತೇನೆ. ಮಳೆಗಾಲದಲ್ಲಿ ನಮ್ಮ ಜೇಡಿಮಣ್ಣು ಕ್ಲೀಟಿಗೆ ಮೆತ್ತಿಕೊಂಡರೆ ಕಡ್ಡಿಯಿಂದ ಕೆರೆದ ಹೊರತು ಕ್ಲಿಪ್ ಆಗುವುದಿಲ್ಲ. ಸೈಕಲ್ ಹೊತ್ತು ನಡೆಯಬೇಕಾದ ಕಡೆ, ವಿಶೇಷವಾಗಿ ರಾಮನಗರದಂಥ ಕಡೆಯ ಗ್ರಾನೈಟ್ ಹಾಸುಬಂಡೆಗಳ ಮೇಲೆ, ಲೋಹದ ಕ್ಲೀಟ್ ಕಲ್ಲಿಗೆ ತಾಗಿ ಜಾರಿದರೆ ಪೆಟ್ಟು ಸಣ್ಣದಾಗಿರುವುದಿಲ್ಲ.

ಜಂಬಿಟ್ಟಿಗೆ, ಶಿರಸಿ:

ಮಡಿಕೇರಿಯವರು ಹೇಳಿದ ಏರಿನ ಕುಲುಕಿನ ಮಾತು ಸರಿ, ಅದನ್ನು ನಾನು ಹೇಳದೆ ಬಿಟ್ಟಿದ್ದೆ. ಆದರೆ ಶುರ್ಟರ್ ಮತ್ತು ಪಿಡ್ಕಾಕ್ ಅವರ ಉದಾಹರಣೆ, ಕಲಿತವರು ಏನು ಬಳಸುತ್ತಾರೆ ಎಂಬುದನ್ನು ತೋರಿಸುತ್ತದೆಯೇ ಹೊರತು ಕಲಿಯುವಾಗ ಏನು ಬಳಸಬೇಕು ಎಂಬುದನ್ನಲ್ಲ. ಗಮನವಿಟ್ಟು ಅಭ್ಯಾಸ ಮಾಡಿದರೆ ಸಾಕು ಎನ್ನುತ್ತೀರಿ. ಆ ಗಮನ ತಪ್ಪಿದಾಗ ತಪ್ಪಿತೆಂದು ತಿಳಿಸುವವರು ಯಾರು? ಪಕ್ಕದಲ್ಲಿ ತರಬೇತುದಾರರು ಇದ್ದರೆ ಅವರು ಹೇಳುತ್ತಾರೆ. ಒಬ್ಬರೇ ಕಲಿಯುವವರಿಗೆ ಪೆಡಲೇ ಹೇಳಬೇಕು.

ಹಾಸುಬಂಡೆ, ಬೆಂಗಳೂರು:

ಮೂವರಿಗೂ ಧನ್ಯವಾದಗಳು. ದೂರದ ಸವಾರಿಗೆ ಕ್ಲಿಪ್‌ಲೆಸ್ ಇಟ್ಟುಕೊಂಡು, ಅವಲಹಳ್ಳಿಯ ಕಡೆಗಿನ ವಾರಾಂತ್ಯದ ಸವಾರಿಗೂ ಮನೆಯ ಹತ್ತಿರದ ಮೈದಾನದ ಅಭ್ಯಾಸಕ್ಕೂ ಫ್ಲ್ಯಾಟ್ ಹಾಕಬೇಕೆಂದು ಯೋಚಿಸಿದ್ದೇನೆ. ಹೀಗೆ ಆಗಾಗ ಬದಲಿಸುತ್ತಿದ್ದರೆ ಕಾಲಿಗೆ ಗೊಂದಲವಾಗುವುದಿಲ್ಲವೇ? ಪೆಡಲನ್ನು ಲೋಹದ್ದು ತೆಗೆದುಕೊಳ್ಳಲೇ, ನೈಲಾನಿನದೇ? ಪಿನ್‌ಗಳಿಂದ ಕಾಲಿಗೆ ಆಗುವ ಗಾಯಗಳ ಚಿತ್ರ ನೋಡಿ ಮನೆಯವರು ಈಗಾಗಲೇ ಆತಂಕದಲ್ಲಿದ್ದಾರೆ.

ಮಂಜಿನೂರು, ಎಡಿನ್‌ಬರೊ:

ಶುರುವಿನಲ್ಲಿ ಬದಲಿಸಬೇಡಿ. ಫ್ಲ್ಯಾಟ್ ಮೇಲೆ ಪಾದ ಎಲ್ಲಿ ಕೂರಬೇಕೆಂಬುದು ಕ್ಲಿಪ್‌ಲೆಸ್‌ಗಿಂತ ಬೇರೆ. ಪೆಡಲಿನ ಅಚ್ಚು ಹೆಬ್ಬೆರಳ ಬುಡದ ನೇರಕ್ಕಿರದೆ ಅದಕ್ಕಿಂತ ಕೊಂಚ ಹಿಂದೆ, ಅಂಗಾಲಿನ ನಡುವಿನ ಕಡೆಗೆ ಬರಬೇಕು. ನೋಡದೆಯೇ ಪಾದ ಅಲ್ಲಿಗೆ ಹೋಗಿ ಕೂರುವವರೆಗೆ ಗುಡ್ಡದ ಸೈಕಲಿಗೆ ಫ್ಲ್ಯಾಟ್ ಮಾತ್ರ ಇರಲಿ. ಕ್ಲಿಪ್‌ಲೆಸ್ ರೋಡ್ ಬೈಕಿನಲ್ಲಿ ಹೇಗೂ ಇದೆ, ಅದು ಮರೆತುಹೋಗುವುದಿಲ್ಲ.

ಪೆಡಲ್ ನೈಲಾನಿನದೇ ಸಾಕು, ಅದರಲ್ಲಿ ಬದಲಿಸಬಹುದಾದ ಉಕ್ಕಿನ ಪಿನ್‌ಗಳಿರಲಿ. ಬಂಡೆಗೆ ತಾಗಿದರೆ ಲೋಹದ ಪೆಡಲಿಗಿಂತ ಸುಲಭವಾಗಿ ಜಾರಿಕೊಂಡು ಹೋಗುತ್ತದೆ, ಬೆಲೆಯೂ ಕಡಿಮೆ. ನಡುವೆ ಕೊಂಚ ತಗ್ಗಾಗಿರುವ, ಅಗಲವಾದ ಪೆಡಲನ್ನೇ ಆರಿಸಿಕೊಳ್ಳಿ. ಗಾಯದ ಬಗ್ಗೆ ಮನೆಯವರ ಆತಂಕ ನ್ಯಾಯವಾದದ್ದು. ಪಿನ್ ಮೊಣಕಾಲಿನ ಕೆಳಗೆ ಗೀರಿದರೆ ಗುರುತು ಬಹುಕಾಲ ಉಳಿಯುತ್ತದೆ. ಹಾಪ್ ಅಭ್ಯಾಸದ ದಿನಗಳಲ್ಲಿ ಶಿನ್ ಗಾರ್ಡ್ ತಪ್ಪದೆ ಹಾಕಿಕೊಳ್ಳಿ, ಫುಟ್‌ಬಾಲ್ ಆಡುವವರದ್ದಾದರೂ ಆದೀತು.

ಕಾಫಿಕಾಡು, ಮಡಿಕೇರಿ:

ಫ್ಲ್ಯಾಟ್ ಹಾಕುವುದೆಂದು ತೀರ್ಮಾನಿಸಿದ್ದೀರಿ, ಸಂತೋಷ. ಪೆಡಲ್ ಬಿಚ್ಚುವಾಗ ನೆನಪಿಡಿ, ಎಡಗಡೆಯ ಪೆಡಲಿನ ಥ್ರೆಡ್ ತಿರುವುಮುರುವು. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಇಟ್ಟು ಹಿಂಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬದಿಯವು ಸಡಿಲವಾಗುತ್ತವೆ. ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಇಟ್ಟುಕೊಂಡಿದ್ದರೆ ಕೈ ಜಾರಿದಾಗ ಹಲ್ಲು ಬೆರಳಿಗೆ ತಾಗುವುದಿಲ್ಲ. ಹೊಸದನ್ನು ಹಾಕುವ ಮೊದಲು ಥ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಅಡ್ಡಾದಿಡ್ಡಿಯಾಗಿ ಕೂತರೆ ಕ್ರ್ಯಾಂಕ್ ಹಾಳಾಗುತ್ತದೆ.